ಎಂ.ಎಸ್. ಕಾಯಿಲೆ: ಕಾರಣ ಮತ್ತು ಚಿಕಿತ್ಸೆಯ ಚರ್ಚೆ – ಮಂಗಳೂರು ಕಲಿಸಿದ ಪಾಠ

ತಿಂಗಳ ಮೊದಲ ಶುಕ್ರವಾರ ಅಸ್ವಸ್ಥರಿಗೆ ಪರಮಪ್ರಸಾದ ನೀಡಲು ಮನೆಮನೆಗೆ ಹೋಗುವುದು ಧರ್ಮಗುರುಗಳಾದ ನಮ್ಮ ರೂಢಿ. ಹಾಗೆ ಹೋದ ಮನೆಯೊಂದರಲ್ಲಿ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ತಾಯಿ ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದರು. ಅವರ ಮಗಳಿಗೆ ಮೂವತ್ತರ ಆಸುಪಾಸು. ಕೆಲವು ವರ್ಷಗಳಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಿಂದ ಬಳಲುತ್ತಿದ್ದಾರೆ. ಮೊಬೈಲಿನಲ್ಲಿದ್ದದ್ದು ಒಂದು ಜಾಹೀರಾತು: ಕಾಂಡಕೋಶದ ಚುಚ್ಚುಮದ್ದಿನಿಂದ ಈ ಕಾಯಿಲೆಯನ್ನು ಬುಡಸಮೇತ ಗುಣಪಡಿಸುತ್ತೇವೆ, ಖರ್ಚು ಇಷ್ಟು ಲಕ್ಷ ಎಂದು. "ಫಾದರ್, ಜಾಗ ಅಡವಿಟ್ಟಾದ್ರೂ ಮಾಡಿಸುವ ಅಂತ ಇದ್ದೇವೆ. ಇದ್ರಲ್ಲಿ ಗುಣ ಆಗ್ತದಾ?" ಎಂದು ಆ ತಾಯಿ ಕೇಳಿದರು.

ನಾನು ವೈದ್ಯನಲ್ಲ. ಆ ಕ್ಷಣ ನನ್ನಲ್ಲಿ ಉತ್ತರ ಇರಲಿಲ್ಲ. ಮುಂಗಡ ಹಣ ಕೊಡಬೇಡಿ, ನನಗೆ ಒಂದು ವಾರ ಸಮಯ ಕೊಡಿ ಎಂದಷ್ಟೇ ಹೇಳಿ ಬಂದೆ. ಪರಿಚಯದ ನರರೋಗ ತಜ್ಞರೊಂದಿಗೆ ಮಾತನಾಡಿ, ಓದಿ ತಿಳಿದುಕೊಂಡ ವಿಷಯಗಳನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ. ಈ ಕಾಯಿಲೆ ಯಾಕೆ ಬರುತ್ತದೆ, ಹೇಗೆ ಹತೋಟಿಗೆ ತರಬೇಕು ಎಂಬ ಬಗ್ಗೆ ಜಗತ್ತಿನಾದ್ಯಂತ ನಡೆದ ಚರ್ಚೆಯಲ್ಲಿ ನಮ್ಮ ಮಂಗಳೂರಿಗೂ ಒಂದು ಸ್ಥಾನವಿದೆ ಎಂಬುದು ಆಗ ತಿಳಿದ ಸಂತೋಷದ ವಿಷಯ.

ಏನಿದು ಎಂ.ಎಸ್.?

ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳ ಎಳೆಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಕರೆಂಟಿನ ವಯರಿನ ಮೇಲೆ ಇರುವ ಕವಚದಂತೆ ಇದು ಕೆಲಸ ಮಾಡುತ್ತದೆ. ಹೊದಿಕೆ ಸರಿಯಾಗಿದ್ದರೆ ಮಾತ್ರ ಮೆದುಳಿನ ಸಂದೇಶ ಕೈಕಾಲಿಗೆ ತಕ್ಷಣ ತಲುಪುತ್ತದೆ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಈ ಹೊದಿಕೆಯನ್ನು ಹಾಳುಮಾಡಿದಾಗ ಅಲ್ಲಲ್ಲಿ ಗಾಯದ ಕಲೆಗಳು ಉಳಿಯುತ್ತವೆ. ಸ್ಕ್ಲೆರೋಸಿಸ್ ಎಂದರೆ ಗಡಸಾಗುವುದು. ಇಂಥ ಗಡಸು ಕಲೆಗಳು ಹಲವು ಕಡೆ ಇರುವುದರಿಂದ ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂ.ಎಸ್. ಎಂಬ ಹೆಸರು ಬಂದಿದೆ. 1868ರಲ್ಲಿ ಪ್ಯಾರಿಸ್ ನಗರದ ವೈದ್ಯ ಶಾರ್ಕೋ ಇದನ್ನು ಒಂದು ಪ್ರತ್ಯೇಕ ಕಾಯಿಲೆಯಾಗಿ ವಿವರಿಸಿದರು.

ಹೊದಿಕೆ ಎಲ್ಲಿ ಹಾಳಾಗಿದೆ ಎಂಬುದರ ಮೇಲೆ ಲಕ್ಷಣಗಳು ಬೇರೆ ಬೇರೆ. ಒಬ್ಬರಿಗೆ ಒಂದು ಕಣ್ಣು ನೋವಿನೊಂದಿಗೆ ಮಂಜಾಗುತ್ತದೆ. ಇನ್ನೊಬ್ಬರಿಗೆ ಕಾಲು ಮರಗಟ್ಟುತ್ತದೆ, ನಡಿಗೆ ತೂರಾಡುತ್ತದೆ. ಕೆಲವರಿಗೆ ಎಲ್ಲವೂ ಎರಡೆರಡಾಗಿ ಕಾಣುತ್ತದೆ, ಕೆಲವರಿಗೆ ಮೂತ್ರದ ಹತೋಟಿ ತಪ್ಪುತ್ತದೆ. ಹೇಳಿಕೊಳ್ಳಲಾಗದ ಆಯಾಸ ಹೆಚ್ಚಿನವರಿಗೆ ಸಾಮಾನ್ಯ. ಹೆಚ್ಚಾಗಿ 20ರಿಂದ 40ರ ವಯಸ್ಸಿನೊಳಗೆ ಇದು ಕಾಣಿಸಿಕೊಳ್ಳುತ್ತದೆ. ಪುರುಷರಿಗಿಂತ ಮಹಿಳೆಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಇದು ಅಂಟುರೋಗವಲ್ಲ.

ಇಲ್ಲೊಂದು ಮುಖ್ಯ ಮಾತು. ನೂರರಲ್ಲಿ ಸುಮಾರು 85 ಮಂದಿಗೆ ಈ ಕಾಯಿಲೆ ಆರಂಭದಲ್ಲಿ ಬಂದು ಹೋಗುವ ರೀತಿಯಲ್ಲಿರುತ್ತದೆ. ಒಂದು ದಾಳಿ ಬರುತ್ತದೆ, ಕೆಲವು ವಾರಗಳಲ್ಲಿ ತಾನಾಗಿಯೇ ಪೂರ್ತಿಯಾಗಿ ಅಥವಾ ಅರೆಬರೆಯಾಗಿ ಇಳಿಯುತ್ತದೆ. ಮುಂದಿನ ದಾಳಿ ತಿಂಗಳುಗಳ ಬಳಿಕ ಬರಬಹುದು, ವರ್ಷಗಳ ಬಳಿಕವೂ ಬರಬಹುದು. ಈ ಸ್ವಭಾವವೇ ಎಲ್ಲ ಗೊಂದಲಗಳ ಮೂಲ. ಕಾಯಿಲೆ ತಾನಾಗಿ ಇಳಿಯುವ ಹೊತ್ತಿಗೆ ಏನು ಕೊಟ್ಟಿದ್ದರೂ ಅದರಿಂದಲೇ ಗುಣವಾಯಿತು ಎಂದು ನಂಬುವುದು ಸಹಜ. ಕಷಾಯ ಕುಡಿದವರು ಕಷಾಯಕ್ಕೆ, ಚುಚ್ಚುಮದ್ದು ಹಾಕಿಸಿಕೊಂಡವರು ಚುಚ್ಚುಮದ್ದಿಗೆ, ಪಥ್ಯ ಮಾಡಿದವರು ಪಥ್ಯಕ್ಕೆ ಕೀರ್ತಿ ಕೊಡುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಯಾವುದು ನಿಜವಾಗಿ ಕೆಲಸ ಮಾಡಿತು ಎಂದು ಒಬ್ಬರ ಅನುಭವದಿಂದ ತಿಳಿಯುವುದಿಲ್ಲ. ಒಂದು ಗುಂಪಿಗೆ ಮದ್ದು ಕೊಟ್ಟು, ಅಂಥದ್ದೇ ಇನ್ನೊಂದು ಗುಂಪಿಗೆ ಕೊಡದೆ ಹೋಲಿಸಿ ನೋಡಿದಾಗ ಮಾತ್ರ ತಿಳಿಯುತ್ತದೆ.

ಕಾರಣ ಯಾವುದು?

ಎಂ.ಎಸ್. ಯಾಕೆ ಬರುತ್ತದೆ ಎಂಬ ಪ್ರಶ್ನೆಗೆ ಒಂದೂವರೆ ಶತಮಾನದಲ್ಲಿ ಹತ್ತಾರು ಉತ್ತರಗಳು ಬಂದಿವೆ. ಹಲ್ಲಿಗೆ ತುಂಬುವ ಪಾದರಸ ಕಾರಣ ಎಂದರು. ಲಸಿಕೆ ಕಾರಣ ಎಂದರು. ಹೆಪಟೈಟಿಸ್ ಬಿ ಲಸಿಕೆಯ ಮೇಲಿನ ಸಂಶಯದಿಂದ 1998ರಲ್ಲಿ ಫ್ರಾನ್ಸ್ ಸರಕಾರ ಶಾಲೆಗಳಲ್ಲಿ ಲಸಿಕೆ ಹಾಕುವುದನ್ನೇ ನಿಲ್ಲಿಸಿತ್ತು. 2001ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳು ಆ ಸಂಶಯಕ್ಕೆ ಆಧಾರ ಕಾಣಲಿಲ್ಲ.

ಬಿಸಿಲಿನ ವಾದವೂ ಇದೆ. ಬಿಸಿಲು ಕಡಿಮೆ ಇರುವ ಉತ್ತರ ಯುರೋಪ್, ಕೆನಡಾ ಮುಂತಾದ ದೇಶಗಳಲ್ಲಿ ಎಂ.ಎಸ್. ಹೆಚ್ಚು, ಭೂಮಧ್ಯರೇಖೆಗೆ ಹತ್ತಿರದ ದೇಶಗಳಲ್ಲಿ ಕಡಿಮೆ. ಬಿಸಿಲಿನಿಂದ ಚರ್ಮದಲ್ಲಿ ತಯಾರಾಗುವ ವಿಟಮಿನ್ ಡಿ ಇದಕ್ಕೆ ಸಂಬಂಧಿಸಿರಬಹುದು ಎಂಬ ಊಹೆ ಅಲ್ಲಿಂದ ಹುಟ್ಟಿತು. ವಂಶವಾಹಿಗಳ ಪಾತ್ರವೂ ಇದೆ. ರಕ್ಷಣಾ ವ್ಯವಸ್ಥೆಗೆ ಸಂಬಂಧಿಸಿದ ಒಂದು ವಂಶವಾಹಿ ಹಾಗೂ ಇನ್ನೂರಕ್ಕೂ ಹೆಚ್ಚು ಚಿಕ್ಕ ಚಿಕ್ಕ ವ್ಯತ್ಯಾಸಗಳು ಅಪಾಯವನ್ನು ತುಸು ಏರಿಸುತ್ತವೆ. ಆದರೂ ಇದು ತಂದೆತಾಯಿಯಿಂದ ಮಕ್ಕಳಿಗೆ ನೇರವಾಗಿ ಬರುವ ಕಾಯಿಲೆ ಅಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬರುವುದು ನಾಲ್ಕರಲ್ಲಿ ಒಂದು ಪಾಲಿನಷ್ಟು ಮಾತ್ರ. ಧೂಮಪಾನ ಮತ್ತು ಹದಿಹರೆಯದ ಬೊಜ್ಜು ಕೂಡಾ ಅಪಾಯವನ್ನು ಹೆಚ್ಚಿಸುತ್ತವೆ.

ಇತ್ತೀಚಿನ ದೊಡ್ಡ ಹೆಜ್ಜೆ 2022ರದ್ದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಇಪ್ಪತ್ತು ವರ್ಷಗಳ ಅವಧಿಯಲ್ಲಿ ಸೇನೆಯಲ್ಲಿದ್ದ ಒಂದು ಕೋಟಿಗೂ ಹೆಚ್ಚು ಯುವಜನರ ದಾಖಲೆ ಹಾಗೂ ಕಾಪಿಟ್ಟ ರಕ್ತದ ಮಾದರಿಗಳನ್ನು ಪರಿಶೀಲಿಸಿದರು. ಅವರಲ್ಲಿ 955 ಮಂದಿಗೆ ಎಂ.ಎಸ್. ಬಂದಿತ್ತು. ಎಪ್‌ಸ್ಟೈನ್-ಬಾರ್ ಎಂಬ ಸಾಮಾನ್ಯ ವೈರಸ್ಸಿನ ಸೋಂಕು ತಗಲಿದ ಬಳಿಕ ಎಂ.ಎಸ್. ಬರುವ ಅಪಾಯ 32 ಪಟ್ಟು ಏರಿದ್ದು ಕಂಡುಬಂತು. ಬೇರೆ ವೈರಸ್‌ಗಳ ಸೋಂಕಿನಿಂದ ಹಾಗೆ ಏರಲಿಲ್ಲ.

ಹಾಗಾದರೆ ವೈರಸ್ಸೇ ಕಾರಣವೇ? ಅಷ್ಟು ಸುಲಭವಲ್ಲ. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಗೆ ಈ ಸೋಂಕು ಒಮ್ಮೆ ತಗಲಿರುತ್ತದೆ. ನಮ್ಮ ದೇಶದಲ್ಲಿ ಹೆಚ್ಚಿನವರಿಗೆ ಬಾಲ್ಯದಲ್ಲೇ ತಗಲುತ್ತದೆ. ಅವರಲ್ಲಿ ಎಂ.ಎಸ್. ಬರುವುದು ಬೆರಳೆಣಿಕೆಯ ಮಂದಿಗೆ. ಬೆಂಕಿಕಡ್ಡಿ ಒಂದರಿಂದಲೇ ಒಲೆ ಉರಿಯುವುದಿಲ್ಲ, ಒಣ ಸೌದೆಯೂ ಗಾಳಿಯೂ ಬೇಕು. ವೈರಸ್ ಕಡ್ಡಿಯಾದರೆ ವಂಶವಾಹಿ, ವಿಟಮಿನ್ ಡಿ, ಧೂಮಪಾನ ಇತ್ಯಾದಿ ಸೌದೆ ಮತ್ತು ಗಾಳಿ ಎಂದು ಈಗ ಹೆಚ್ಚಿನ ತಜ್ಞರು ತಿಳಿಯುತ್ತಾರೆ. ರೋಗಿಯ ಅಥವಾ ಮನೆಯವರ ಯಾವ ತಪ್ಪಿನಿಂದಲೂ ಇದು ಬಂದದ್ದಲ್ಲ ಎಂಬುದಂತೂ ಖಚಿತ.

ರಕ್ತನಾಳದ ವಾದ ಎದ್ದದ್ದು, ಬಿದ್ದದ್ದು

ಚಿಕಿತ್ಸೆಯ ಚರ್ಚೆಗಳಲ್ಲಿ ಅತ್ಯಂತ ದೊಡ್ಡ ಸದ್ದು ಮಾಡಿದ್ದು 2009ರಲ್ಲಿ ಇಟಲಿಯಿಂದ ಬಂದ ಸುದ್ದಿ. ಫೆರಾರಾ ನಗರದ ರಕ್ತನಾಳ ತಜ್ಞ ಪಾವ್ಲೊ ಝಂಬೋನಿ ಎಂಬವರ ಪತ್ನಿಗೆ ಎಂ.ಎಸ್. ಇತ್ತು. ಮೆದುಳಿನಿಂದ ರಕ್ತವನ್ನು ಹೃದಯಕ್ಕೆ ತರುವ ಕುತ್ತಿಗೆಯ ನಾಳಗಳು ಕಿರಿದಾಗಿರುವುದೇ ಈ ಕಾಯಿಲೆಯ ಕಾರಣ, ಬಲೂನು ತೂರಿಸಿ ಅವನ್ನು ಅಗಲಗೊಳಿಸಿದರೆ ರೋಗಿಗೆ ಬಿಡುಗಡೆ ಸಿಗುತ್ತದೆ ಎಂದು ಅವರು ವಾದಿಸಿದರು. ಕೆನಡಾದಲ್ಲಿ ಇದು ದೊಡ್ಡ ಚಳವಳಿಯೇ ಆಯಿತು. ಅಲ್ಲಿನ ವೈದ್ಯರು ಪುರಾವೆ ಸಾಲದು ಎಂದಾಗ ಸಾವಿರಾರು ರೋಗಿಗಳು ಸ್ವಂತ ಖರ್ಚಿನಲ್ಲಿ ಪೋಲೆಂಡ್, ಕೋಸ್ಟರಿಕಾ, ಮೆಕ್ಸಿಕೊ ಮುಂತಾದ ದೇಶಗಳಿಗೆ ಹೋದರು. ನಮ್ಮ ಭಾರತದ ಖಾಸಗಿ ಆಸ್ಪತ್ರೆಗಳಿಗೂ ಬಂದರು.

ಮುಂದೆ ಏನಾಯಿತು? ಈ ಚಿಕಿತ್ಸೆಯಿಂದ ಸಾವು ಮತ್ತು ಗಂಭೀರ ಹಾನಿ ಸಂಭವಿಸಿದೆ ಎಂದು 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು. ಕಿರಿದಾದ ನಾಳಗಳು ರೋಗಿಗಳಲ್ಲಿ ಎಷ್ಟಿವೆಯೋ ಅವರ ಆರೋಗ್ಯವಂತ ಒಡಹುಟ್ಟಿದವರಲ್ಲೂ ಇತರರಲ್ಲೂ ಅಷ್ಟೇ ಇವೆ ಎಂದು 2013ರಲ್ಲಿ ಕೆನಡಾದ ಅಧ್ಯಯನ ತೋರಿಸಿತು. ಕೊನೆಗೆ ಝಂಬೋನಿಯವರೇ ಇಟಲಿಯಲ್ಲಿ ಸರಿಯಾದ ಪರೀಕ್ಷೆ ನಡೆಸಿದರು. ಕೆಲವರಿಗೆ ನಿಜವಾದ ಬಲೂನು ಚಿಕಿತ್ಸೆ, ಇನ್ನು ಕೆಲವರಿಗೆ ಹೆಸರಿಗೆ ಮಾತ್ರ ಚಿಕಿತ್ಸೆ. ಯಾರಿಗೆ ಯಾವುದು ಎಂದು ರೋಗಿಗಳಿಗೆ ತಿಳಿಸಲಿಲ್ಲ. 2017ರಲ್ಲಿ ಫಲಿತಾಂಶ ಬಂತು: ಪ್ರಯೋಜನ ಇಲ್ಲ. ತನ್ನ ನಂಬಿಕೆಗೆ ವಿರುದ್ಧವಾದ ಫಲಿತಾಂಶವನ್ನು ಅವರು ತಮ್ಮ ಹೆಸರಿನಲ್ಲೇ ಪ್ರಕಟಿಸಿದ್ದು ಮೆಚ್ಚತಕ್ಕ ವಿಷಯ. ಆದರೆ ಆ ಎಂಟು ವರ್ಷಗಳಲ್ಲಿ ಹಣ ಕಳಕೊಂಡವರ, ಇದ್ದ ಔಷಧವನ್ನು ಬಿಟ್ಟವರ ನಷ್ಟ ಹಿಂದೆ ಬರಲಿಲ್ಲ.

ಮಂಗಳೂರಿನಲ್ಲಿ ನಡೆದ ಲೆಕ್ಕ

ಎಂ.ಎಸ್. ಬಿಳಿಯರ ಕಾಯಿಲೆ, ನಮ್ಮಲ್ಲಿ ಇಲ್ಲವೇ ಇಲ್ಲ ಎಂಬ ಅಭಿಪ್ರಾಯ ಹಿಂದೆ ವೈದ್ಯರಲ್ಲೂ ಇತ್ತು. ಭಾರತದಲ್ಲಿ ಲಕ್ಷಕ್ಕೆ ಒಬ್ಬರಿಗೆ ಇರಬಹುದು ಎಂಬುದು ಹಳೆಯ ಅಂದಾಜು. ಮುಂಬಯಿಯ ಪಾರ್ಸಿ ಸಮುದಾಯದಲ್ಲಿ ಮಾತ್ರ ಹೆಚ್ಚು ಎಂದು ಅಲ್ಲಿನ ತಜ್ಞರು ತೋರಿಸಿದ್ದರು. ಎಂ.ಆರ್.ಐ. ಯಂತ್ರಗಳು ಬಂದ ಬಳಿಕ ಚಿತ್ರ ಬದಲಾಯಿತು.

ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಅವರ ನೇತೃತ್ವದಲ್ಲಿ ಇಂಥ ಕಾಯಿಲೆಗಳ ಒಂದು ದಾಖಲಾತಿ ಪಟ್ಟಿ ಆರಂಭವಾಯಿತು. ಮಯಲಿನ್ ಹೊದಿಕೆ ಹಾಳಾದ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ನೋಂದಾಯಿಸಿ ವರ್ಷಗಟ್ಟಲೆ ಅವರನ್ನು ಗಮನಿಸುವ ಕೆಲಸ ಇದು. ಮಂಗಳೂರು ನಗರದ ಜನಸಂಖ್ಯೆಯನ್ನು ಆಧರಿಸಿ ಡಾ. ಪಂಡಿತ್ ಮತ್ತು ಸಹೋದ್ಯೋಗಿ ನಡೆಸಿದ ಎಣಿಕೆ 2014ರಲ್ಲಿ ಪ್ರಕಟವಾಯಿತು. ಲಕ್ಷಕ್ಕೆ ಸುಮಾರು 8 ಮಂದಿಗೆ ಎಂ.ಎಸ್. ಇರುವುದು ಕಂಡುಬಂತು. ಪಾಶ್ಚಾತ್ಯ ದೇಶಗಳಲ್ಲಿ ಲಕ್ಷಕ್ಕೆ ನೂರು, ಅದಕ್ಕೂ ಹೆಚ್ಚು ಇರುವಾಗ ಇದು ಸಣ್ಣ ಸಂಖ್ಯೆ. ಆದರೆ ಹಳೆಯ ಅಂದಾಜಿನ ಹಲವು ಪಟ್ಟು.

ಇದೇ ತಂಡ ಕಾರಣಗಳ ಚರ್ಚೆಯನ್ನೂ ನಮ್ಮ ನೆಲದಲ್ಲಿ ಪರೀಕ್ಷಿಸಿತು. ವರ್ಷದ ಹೆಚ್ಚಿನ ತಿಂಗಳು ಬಿಸಿಲಿರುವ ಕರಾವಳಿಯಲ್ಲೂ ಎಂ.ಎಸ್. ರೋಗಿಗಳ ರಕ್ತದಲ್ಲಿ ವಿಟಮಿನ್ ಡಿ ಇತರರಿಗಿಂತ ಕಡಿಮೆ ಇತ್ತು ಎಂದು 2013ರಲ್ಲಿ ವರದಿ ಮಾಡಿತು. ಎಪ್‌ಸ್ಟೈನ್-ಬಾರ್ ವೈರಸ್ಸಿನ ಸಂಬಂಧವನ್ನೂ ಅದೇ ವರ್ಷ ಇಲ್ಲಿನ ರೋಗಿಗಳಲ್ಲಿ ತೋರಿಸಿತು. ಹಾರ್ವರ್ಡಿನ ಅಧ್ಯಯನಕ್ಕೆ ಒಂಬತ್ತು ವರ್ಷ ಮೊದಲು. ಯುರೋಪಿನವರಲ್ಲಿ ಕಂಡ ವಂಶವಾಹಿ ಅಪಾಯಗಳು ಬಹುಮಟ್ಟಿಗೆ ನಮ್ಮವರಲ್ಲೂ ಇವೆಯೇ ಎಂದು ವಿದೇಶದ ವಿಜ್ಞಾನಿಗಳ ಜೊತೆಗೂಡಿ ಪರಿಶೀಲಿಸಿತು. ಒಟ್ಟಿನಲ್ಲಿ ತಿಳಿದದ್ದು ಇಷ್ಟು: ನಮ್ಮ ಎಂ.ಎಸ್. ಬೇರೆಯಲ್ಲ, ಅವರದ್ದೇ ಕಾಯಿಲೆ.

ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ

ಆದರೆ ಆ ಎಣಿಕೆಯಲ್ಲಿ ಇನ್ನೊಂದು ಸಂಖ್ಯೆ ಇತ್ತು. ಕುಟುಂಬಗಳು ಮುಖ್ಯವಾಗಿ ತಿಳಿಯಬೇಕಾದದ್ದು ಅದನ್ನೇ. ಮಂಗಳೂರಿನಲ್ಲಿ ಲಕ್ಷಕ್ಕೆ ಸುಮಾರು ಎರಡೂವರೆ ಮಂದಿಗೆ ಎಂ.ಎಸ್. ಅಲ್ಲದ, ಆದರೆ ಹಾಗೆಯೇ ತೋರುವ ಇನ್ನೊಂದು ಕಾಯಿಲೆ ಇತ್ತು. ಅದರ ಹೆಸರು ನ್ಯೂರೋಮೈಲೈಟಿಸ್ ಆಪ್ಟಿಕಾ, ಚಿಕ್ಕದಾಗಿ ಎನ್.ಎಂ.ಒ. ಅಂದರೆ ನಮ್ಮಲ್ಲಿ ಮೂವರಿಗೆ ಎಂ.ಎಸ್. ಇದ್ದರೆ ಒಬ್ಬರಿಗೆ ಎನ್.ಎಂ.ಒ. ಪಾಶ್ಚಾತ್ಯ ದೇಶಗಳಲ್ಲಿ ಎಂ.ಎಸ್.ಗೆ ಹೋಲಿಸಿದರೆ ಇದು ತೀರಾ ಅಪರೂಪ.

ಎನ್.ಎಂ.ಒ. ಕಣ್ಣಿನ ನರ ಮತ್ತು ಬೆನ್ನುಹುರಿಯ ಮೇಲೆ ಎರಗುತ್ತದೆ. ಇದನ್ನು 1894ರಲ್ಲೇ ಫ್ರಾನ್ಸಿನ ವೈದ್ಯ ಡೆವಿಕ್ ವಿವರಿಸಿದ್ದರೂ ಬಹುಕಾಲ ಎಂ.ಎಸ್.ನ ಒಂದು ವಿಧವೆಂದೇ ಭಾವಿಸಲಾಗಿತ್ತು. 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವಾಂಡಾ ಲೆನನ್ ಮತ್ತು ಸಂಗಡಿಗರು ಈ ರೋಗಿಗಳ ರಕ್ತದಲ್ಲಿ ಎಂ.ಎಸ್. ರೋಗಿಗಳಲ್ಲಿ ಇಲ್ಲದ ಒಂದು ಪ್ರತಿಕಾಯವನ್ನು ಕಂಡುಹಿಡಿದರು. ಮೆದುಳಿನ ಕೋಶಗಳಲ್ಲಿ ನೀರು ಹರಿಯುವ ಬಾಗಿಲಿನಂತಿರುವ ಅಕ್ವಪೋರಿನ್-4 ಎಂಬ ಪ್ರೋಟೀನಿನ ಮೇಲೆ ಆ ಪ್ರತಿಕಾಯ ದಾಳಿ ಮಾಡುತ್ತದೆ ಎಂದು ಮರುವರ್ಷ ತಿಳಿಯಿತು. ಅಲ್ಲಿಗೆ ಇದು ಬೇರೆಯೇ ಕಾಯಿಲೆ ಎಂದು ಸಾಬೀತಾಯಿತು. ನಂತರದ ವರ್ಷಗಳಲ್ಲಿ ಮಾಗ್ ಎಂಬ ಇನ್ನೊಂದು ಪ್ರೋಟೀನಿನ ವಿರುದ್ಧದ ಪ್ರತಿಕಾಯ ಇರುವ ಮೂರನೆಯ ಕಾಯಿಲೆಯೂ ಗೊತ್ತಾಯಿತು. ಇದು ಮಕ್ಕಳಲ್ಲೂ ಕಾಣಿಸುತ್ತದೆ.

ಹೆಸರು ಯಾವುದಾದರೇನು ಎನ್ನಬಾರದು. ಎಂ.ಎಸ್.ಗೆ ಕೊಡುವ ಇಂಟರ್‌ಫೆರಾನ್, ಫಿಂಗೋಲಿಮೋಡ್, ನಟಾಲಿಝುಮಾಬ್ ಮುಂತಾದ ಔಷಧಗಳು ಎನ್.ಎಂ.ಒ. ಇರುವವರಿಗೆ ಗುಣ ನೀಡುವುದಿಲ್ಲ, ಕಾಯಿಲೆಯನ್ನು ಕೆರಳಿಸಬಲ್ಲವು. ಎಂ.ಎಸ್.ನ ಮೊದಲ ದಾಳಿಗಳು ಹೆಚ್ಚಾಗಿ ಚೇತರಿಸುತ್ತವೆ. ಎನ್.ಎಂ.ಒ.ದ ಒಂದೇ ದಾಳಿ ಕಣ್ಣನ್ನು ಶಾಶ್ವತವಾಗಿ ಕುರುಡಾಗಿಸಬಹುದು, ಕಾಲನ್ನು ಹಾಸಿಗೆಗೆ ಕಟ್ಟಬಹುದು. ಆದ್ದರಿಂದ ಮುಂದಿನ ದಾಳಿ ಬಾರದಂತೆ ಮೊದಲ ದಾಳಿಯ ಬಳಿಕವೇ ಔಷಧ ಆರಂಭಿಸಬೇಕು. ಒಳ್ಳೆಯ ಸುದ್ದಿ ಏನೆಂದರೆ, ಅಝಥಯೋಪ್ರಿನ್‌ನಂಥ ಹಳೆಯ, ಕಡಿಮೆ ಬೆಲೆಯ ಮಾತ್ರೆಗಳಿಂದಲೂ ಇದನ್ನು ಅನೇಕರಲ್ಲಿ ತಡೆಹಿಡಿಯಲು ಸಾಧ್ಯ. ಸೀಮಿತ ಆದಾಯದ ರೋಗಿಗಳಿಗೆ ಇಂಥ ಚಿಕಿತ್ಸೆ ನೀಡಿದ ಅನುಭವವನ್ನೂ ಮಂಗಳೂರಿನ ತಂಡ 2013ರಲ್ಲಿ ಪ್ರಕಟಿಸಿತ್ತು.

ಪ್ರತಿಕಾಯಗಳನ್ನು ಪತ್ತೆಹಚ್ಚುವ ರಕ್ತ ಪರೀಕ್ಷೆಯನ್ನು ದೇರಳಕಟ್ಟೆಯ ಪ್ರಯೋಗಾಲಯದಲ್ಲೇ ಅಭಿವೃದ್ಧಿಪಡಿಸಲಾಯಿತು. ಜಪಾನಿನ ತೊಹೊಕು ವಿಶ್ವವಿದ್ಯಾನಿಲಯದ ತಜ್ಞರ ಸಹಯೋಗ ಇದಕ್ಕಿತ್ತು. ದೇಶದ ಬೇರೆ ಊರುಗಳ ರೋಗಿಗಳ ರಕ್ತದ ಮಾದರಿಗಳೂ ಇಲ್ಲಿಗೆ ಬಂದವು. ಯಾವ ಚಿಕಿತ್ಸೆ ಒಳ್ಳೆಯದು ಎಂದು ದೊಡ್ಡ ದೊಡ್ಡ ವಾದಗಳು ನಡೆಯುತ್ತಿದ್ದಾಗ ಇದು ಯಾವ ಕಾಯಿಲೆ ಎಂಬ ಸಣ್ಣ ಪ್ರಶ್ನೆಯನ್ನು ಮೊದಲು ಕೇಳಬೇಕು ಎಂದು ಈ ಕೆಲಸ ಕಲಿಸಿತು.

ಒಂದು ಲಕ್ಷಣವನ್ನು ಇಲ್ಲಿ ಹೇಳಲೇಬೇಕು. ದಿನಗಟ್ಟಲೆ ಬಿಡದ ಬಿಕ್ಕಳಿಕೆ ಮತ್ತು ವಾಂತಿ ಕೆಲವೊಮ್ಮೆ ಎನ್.ಎಂ.ಒ.ದ ಮೊದಲ ಸೂಚನೆ. ಹೊಟ್ಟೆಯ ತೊಂದರೆ ಎಂದು ಔಷಧ ಮಾಡುತ್ತಾ ಕಾಲ ಕಳೆಯುವುದುಂಟು. ಅದರ ಹಿಂದೆಮುಂದೆ ಕಣ್ಣು ಮಂಜಾದರೆ ಅಥವಾ ಕಾಲಿಗೆ ಬಲ ತಪ್ಪಿದರೆ ನರರೋಗ ತಜ್ಞರನ್ನು ಕಾಣಲು ತಡಮಾಡಬಾರದು.

ಇಂದು ಲಭ್ಯವಿರುವ ಚಿಕಿತ್ಸೆ

ಎಂ.ಎಸ್. ಅನ್ನು ಬುಡಸಮೇತ ಕೀಳುವ ಮದ್ದು ಇಂದಿಗೂ ಇಲ್ಲ. ಆದರೆ ಮದ್ದೇ ಇಲ್ಲ ಎಂಬ ಕಾಲ ಹೋಗಿ ಮೂವತ್ತು ವರ್ಷ ದಾಟಿತು. ದಾಳಿಗಳ ಸಂಖ್ಯೆಯನ್ನು ತಗ್ಗಿಸುವ ಮೊದಲ ಔಷಧ ಇಂಟರ್‌ಫೆರಾನ್‌ಗೆ 1993ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 2010ರಲ್ಲಿ ಮೊದಲ ಮಾತ್ರೆ ಫಿಂಗೋಲಿಮೋಡ್ ಬಂತು. ನಿಧಾನವಾಗಿ ಏರುತ್ತಲೇ ಹೋಗುವ ವಿಧಕ್ಕೆ ಮೊದಲ ಔಷಧ ಒಕ್ರೆಲಿಝುಮಾಬ್ 2017ರಲ್ಲಿ ಬಂತು. ತೀವ್ರ ದಾಳಿಯ ಸಮಯದಲ್ಲಿ ಕೆಲವು ದಿನ ಸ್ಟಿರಾಯ್ಡ್ ಡ್ರಿಪ್ ನೀಡುತ್ತಾರೆ. ಅದು ದಾಳಿಯನ್ನು ಬೇಗ ಇಳಿಸುತ್ತದೆ, ಮುಂದಿನ ದಾಳಿಯನ್ನು ತಡೆಯುವುದಿಲ್ಲ. ಡ್ರಿಪ್ ಹಾಕಿಸಿಕೊಂಡು ಗುಣವಾಯಿತು ಎಂದು ಮನೆಯಲ್ಲಿ ಕುಳಿತುಬಿಡುವುದು ನಮ್ಮವರಲ್ಲಿ ಕಂಡುಬರುವ ಸಾಮಾನ್ಯ ತಪ್ಪು.

ಈಗ ತಜ್ಞರ ನಡುವೆ ಇರುವ ಚರ್ಚೆ ಬೇರೆ ತರದ್ದು. ಸೌಮ್ಯ ಔಷಧದಿಂದ ಆರಂಭಿಸಿ ಅಗತ್ಯ ಬಿದ್ದರೆ ಏರುವುದೇ, ಅಥವಾ ಮೊದಲಿನಿಂದಲೇ ಬಲವಾದ ಔಷಧ ಕೊಡುವುದೇ? ಬಲವಾದ ಔಷಧ ರೋಗವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಸೋಂಕಿನ ಅಪಾಯ ಹೆಚ್ಚು. ಕ್ಷಯ, ಹೆಪಟೈಟಿಸ್ ಇರುವ ನಮ್ಮ ದೇಶದಲ್ಲಿ ಈ ಲೆಕ್ಕವನ್ನು ಒಬ್ಬೊಬ್ಬ ರೋಗಿಗೂ ಬೇರೆಯಾಗಿ ಮಾಡಬೇಕಾಗುತ್ತದೆ.

ಬೆಲೆಯ ಚರ್ಚೆಯೂ ಇದೆ. ವಿದೇಶಿ ಔಷಧಗಳು ಸಾಮಾನ್ಯ ಕುಟುಂಬಗಳ ಕೈಗೆ ಎಟಕುವುದಿಲ್ಲ. ಕ್ಯಾನ್ಸರಿಗಾಗಿ ತಯಾರಾದ ರಿಟುಕ್ಸಿಮಾಬ್ ಎಂಬ ಔಷಧವನ್ನು ಹಲವು ದೇಶಗಳ ವೈದ್ಯರು ಎಂ.ಎಸ್.ಗೂ ಎನ್.ಎಂ.ಒ.ಗೂ ಬಳಸುತ್ತಾ ಬಂದಿದ್ದಾರೆ. ಭಾರತದ ಕಂಪೆನಿಗಳೇ ಅದನ್ನು ತಯಾರಿಸುವುದರಿಂದ ಇಲ್ಲಿ ಬೆಲೆ ಕಡಿಮೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಪಟ್ಟಿಯಲ್ಲಿ ಮೊದಲ ಬಾರಿಗೆ ಎಂ.ಎಸ್. ಔಷಧಗಳನ್ನು ಸೇರಿಸಿದಾಗ ಆ ಮೂರರಲ್ಲಿ ರಿಟುಕ್ಸಿಮಾಬ್ ಕೂಡಾ ಒಂದಾಗಿತ್ತು. ವೈದ್ಯರ ಬಳಿ ಖರ್ಚಿನ ವಿಷಯ ಮಾತನಾಡಲು ಸಂಕೋಚ ಬೇಡ. ನಮ್ಮಿಂದ ಇಷ್ಟು ಸಾಧ್ಯ ಎಂದು ಮೊದಲೇ ಹೇಳಿದರೆ ಅರ್ಧದಲ್ಲಿ ನಿಲ್ಲದ ಔಷಧವನ್ನು ಅವರು ಆರಿಸಬಹುದು. ಕೆಲವು ಔಷಧಗಳನ್ನು ಹಠಾತ್ತನೆ ನಿಲ್ಲಿಸಿದರೆ ಕಾಯಿಲೆ ಮೊದಲಿಗಿಂತ ಜೋರಾಗಿ ಮರುಕಳಿಸುತ್ತದೆ.

ಇತರ ದಾರಿಗಳ ಬಗ್ಗೆ

ಕಾಂಡಕೋಶ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಚಿಕಿತ್ಸೆಗಳಿವೆ. ಒಂದರಲ್ಲಿ ರೋಗಿಯ ರಕ್ತದ ಕಾಂಡಕೋಶಗಳನ್ನು ತೆಗೆದಿಟ್ಟು, ಪ್ರಬಲ ಕಿಮೊಥೆರಪಿಯಿಂದ ರಕ್ಷಣಾ ವ್ಯವಸ್ಥೆಯನ್ನು ಅಳಿಸಿ, ಬಳಿಕ ಅವೇ ಕೋಶಗಳನ್ನು ಮರಳಿ ನೀಡಲಾಗುತ್ತದೆ. ಔಷಧಕ್ಕೆ ಬಗ್ಗದ ಕೆಲವೇ ರೋಗಿಗಳಲ್ಲಿ ಇದು ಫಲ ಕೊಟ್ಟಿದೆ, ಅಪಾಯವೂ ಇದೆ. ಅನುಭವಿ ಕೇಂದ್ರಗಳಲ್ಲಿ ಮಾತ್ರ ಮಾಡುವಂಥದ್ದು. ಇನ್ನೊಂದು ಜಾಹೀರಾತುಗಳಲ್ಲಿ ಬರುವ ಚುಚ್ಚುಮದ್ದು. ಹಾಳಾದ ನರ ಮತ್ತೆ ಬೆಳೆಯುತ್ತದೆ ಎಂದು ಬೆನ್ನಿಗೋ ರಕ್ತನಾಳಕ್ಕೋ ಚುಚ್ಚುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ರಕ್ತದ ಕೆಲವು ಕಾಯಿಲೆಗಳಂಥ ಅಂಗೀಕೃತ ಬಳಕೆಗಳನ್ನು ಬಿಟ್ಟರೆ ಕಾಂಡಕೋಶ ಚಿಕಿತ್ಸೆಯನ್ನು ಅನುಮತಿ ಪಡೆದ ಸಂಶೋಧನೆಯ ಭಾಗವಾಗಿ ಮಾತ್ರ ನೀಡಬಹುದು. ಸಂಶೋಧನೆ ಎಂದ ಮೇಲೆ ರೋಗಿಯಿಂದ ಲಕ್ಷಗಟ್ಟಲೆ ಹಣ ಕೇಳುವಂತಿಲ್ಲ. ಹಣ ಕೇಳಿದರೆ ಅಲ್ಲೇ ಎಚ್ಚರವಾಗಬೇಕು.

ಜೇನ್ನೊಣದ ಕಡಿತದಿಂದ ಗುಣವಾಗುತ್ತದೆ ಎಂಬ ಮಾತನ್ನು ನೆದರ್‌ಲ್ಯಾಂಡ್ಸ್‌ನ ವೈದ್ಯರು 2005ರಲ್ಲಿ ಪರೀಕ್ಷಿಸಿದರು; ಪ್ರಯೋಜನ ಕಾಣಲಿಲ್ಲ. ನಾಲ್ಟ್ರೆಕ್ಸೋನ್ ಎಂಬ ಮಾತ್ರೆಯನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟಾಗ ಕೆಲವರ ಮಾನಸಿಕ ನೆಮ್ಮದಿ ತುಸು ಹೆಚ್ಚಿದ್ದು 2010ರ ಸಣ್ಣ ಅಧ್ಯಯನದಲ್ಲಿ ಕಂಡಿದೆ. ಅದು ದಾಳಿಯನ್ನು ತಡೆಯುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ವಿಟಮಿನ್ ಡಿ ವಿಷಯದಲ್ಲಿ ಫಲಿತಾಂಶಗಳು ಮಿಶ್ರ: 2023ರ ಅಮೆರಿಕದ ಪರೀಕ್ಷೆ ಲಾಭ ಕಾಣಲಿಲ್ಲ, 2025ರ ಫ್ರಾನ್ಸಿನ ಪರೀಕ್ಷೆ ಕಾಯಿಲೆಯ ತೀರಾ ಆರಂಭದಲ್ಲಿ ಲಾಭ ಕಂಡಿತು. ಕೊರತೆ ಇದ್ದವರು ವೈದ್ಯರು ಹೇಳಿದಷ್ಟು ತೆಗೆದುಕೊಳ್ಳುವುದು ಒಳ್ಳೆಯದು. ಯಾರದೋ ಮಾತು ಕೇಳಿ ತಿಂಗಳುಗಟ್ಟಲೆ ಅತಿಯಾಗಿ ನುಂಗಿದರೆ ಮೂತ್ರಪಿಂಡಕ್ಕೆ ಹಾನಿ. ಹಿತವಾದ ಊಟ, ವ್ಯಾಯಾಮ, ಫಿಸಿಯೊಥೆರಪಿ ಎಲ್ಲರಿಗೂ ಒಳ್ಳೆಯದೇ. ಆದರೆ ಇವು ಔಷಧದ ಜೊತೆ ಇರಬೇಕು, ಔಷಧದ ಬದಲಿಗೆ ಅಲ್ಲ.

ಪ್ರಾರ್ಥನೆಯ ಬಗ್ಗೆಯೂ ಇದೇ ಮಾತು ಹೇಳಬೇಕಾಗಿದೆ. ಧ್ಯಾನಕೂಟಕ್ಕೆ ಹೋಗಿ ಬಂದ ಬಳಿಕ ಕಣ್ಣು ತಿಳಿಯಾಯಿತು, ಗುಣವಾಯಿತು ಎಂದು ಸಾಕ್ಷ್ಯ ಹೇಳಿ ಮಾತ್ರೆ ಬಿಟ್ಟವರು ಇದ್ದಾರೆ. ದೇವರಿಗೆ ಕೃತಜ್ಞತೆ ಸಲ್ಲಿಸೋಣ, ಮಾತ್ರೆಯನ್ನು ಬಿಡುವುದು ಬೇಡ. ಹಾಗೆ ಬಿಡಲು ಸಲಹೆ ನೀಡುವ ಅಧಿಕಾರ ಧರ್ಮಗುರುವಿಗಾಗಲಿ ಬೋಧಕರಿಗಾಗಲಿ ಇಲ್ಲ.

ಧರ್ಮಕೇಂದ್ರಗಳಲ್ಲಿ ಏನು ಮಾಡಬಹುದು?

ಎಂ.ಎಸ್. ಇರುವವರಿಗೆ ಸೆಕೆ ಆಗುವುದಿಲ್ಲ. ಮೈ ಬಿಸಿಯಾದಾಗ ಹಳೆಯ ಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚುತ್ತವೆ. ಏಪ್ರಿಲ್, ಮೇ ತಿಂಗಳ ನಮ್ಮ ಕರಾವಳಿಯ ಸೆಕೆಯಲ್ಲಿ ತುಂಬಿದ ಇಗರ್ಜಿಯೊ ಮದುವೆಯ ಸಭಾಂಗಣವೊ ಅವರಿಗೆ ದೊಡ್ಡ ಪರೀಕ್ಷೆ. ಫ್ಯಾನಿನ ಕೆಳಗೆ ಒಂದು ಸ್ಥಳ, ಕುಳಿತೇ ಪ್ರಾರ್ಥಿಸಲು ಅವಕಾಶ, ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ದಾರಿ, ಹತ್ತಿರದಲ್ಲಿ ಶೌಚಾಲಯ – ಇಷ್ಟಿದ್ದರೆ ಅವರು ಮನೆಯಲ್ಲೇ ಉಳಿಯಬೇಕಾಗುವುದಿಲ್ಲ.

ವಾಳೆಯ ಗುರಿಕಾರರೂ ನೆರೆಹೊರೆಯವರೂ ಒಂದು ವಿಷಯ ನೆನಪಿಡಬೇಕು. ಇವರ ಆಯಾಸ ಕಣ್ಣಿಗೆ ಕಾಣುವುದಿಲ್ಲ. ಆದಿತ್ಯವಾರ ನಡೆದು ಬಂದವರು ಸೋಮವಾರ ಏಳಲಾಗದೆ ಮಲಗಿರಬಹುದು. ಅದು ಸೋಮಾರಿತನವಲ್ಲ, ನಾಟಕವೂ ಅಲ್ಲ. ಮದುವೆ ಮಾಡಿದರೆ ಸರಿಯಾಗುತ್ತದೆ ಎಂಬ ಸಲಹೆಯೂ, ಇವರಿಗೆ ಮದುವೆಯೇ ಬೇಡ ಎಂಬ ತೀರ್ಪೂ ಎರಡೂ ತಪ್ಪು. ವಿಷಯವನ್ನು ಮುಚ್ಚಿಡದೆ ಮದುವೆಯಾಗಿ, ವೈದ್ಯರ ಸಲಹೆಯಂತೆ ಔಷಧ ಹೊಂದಿಸಿಕೊಂಡು ತಾಯಂದಿರಾದವರು ಅನೇಕರಿದ್ದಾರೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡಾ ಸೇರಿದೆ. ಸರಕಾರಿ ವೈದ್ಯಕೀಯ ಮಂಡಳಿ ಶೇಕಡಾ 40 ಅಥವಾ ಹೆಚ್ಚು ವೈಕಲ್ಯವಿದೆ ಎಂದು ಪ್ರಮಾಣಪತ್ರ ನೀಡಿದರೆ ಸರಕಾರದ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಅರ್ಜಿ ತುಂಬಿಸಲು, ಆಸ್ಪತ್ರೆಗೆ ಕರೆದುಕೊಂಡು ಹೋಗಲು ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಮತ್ತು ಯುವಜನರು ನೆರವಾಗಬಹುದು. ರೋಗಿಗಳಿಗಾಗಿ 1985ರಲ್ಲಿ ಸ್ಥಾಪನೆಯಾದ ಭಾರತೀಯ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿಯ ಶಾಖೆ ಬೆಂಗಳೂರಿನಲ್ಲೂ ಇದೆ.

ಇನ್ನು ಆ ತಾಯಿಯ ಪ್ರಶ್ನೆಗೆ ಉತ್ತರ. ಒಂದು ವಾರದ ಬಳಿಕ ಮತ್ತೆ ಆ ಮನೆಗೆ ಹೋದೆ. ಮಗಳ ಹಳೆಯ ಫೈಲನ್ನು ಮೇಜಿನ ಮೇಲೆ ಹರಡಿ ಮೂವರೂ ನೋಡಿದೆವು. ಎಂ.ಆರ್.ಐ. ಇತ್ತು, ಬೆನ್ನಿನ ನೀರಿನ ಪರೀಕ್ಷೆ ಇತ್ತು, ಪ್ರತಿಕಾಯದ ಪರೀಕ್ಷೆ ಕಾಣಲಿಲ್ಲ. ಕೊನೆಯ ಚೀಟಿಯ ದಿನಾಂಕ ನೋಡಿದರೆ ಔಷಧ ನಿಲ್ಲಿಸಿ ಏಳು ತಿಂಗಳಾಗಿತ್ತು. ಹಣ ಸಾಲದ್ದರಿಂದ ನಿಲ್ಲಿಸಿದ್ದೆವು, ವೈದ್ಯರಿಗೆ ಹೇಳಲು ನಾಚಿಕೆಯಾಯಿತು ಎಂದು ಮಗಳು ಹೇಳಿದರು. ಮುಂದಿನ ವಾರವೇ ಅವರು ನರರೋಗ ತಜ್ಞರ ಬಳಿ ಹೋದರು. ರಕ್ತ ಪರೀಕ್ಷೆಯಲ್ಲಿ ಎರಡೂ ಪ್ರತಿಕಾಯಗಳು ಕಾಣಲಿಲ್ಲ, ಕಾಯಿಲೆ ಎಂ.ಎಸ್. ಎಂದೇ ಖಚಿತವಾಯಿತು. ಅವರ ಕೈಗೆ ಎಟಕುವ ಬೆಲೆಯ ಔಷಧ ಮತ್ತೆ ಆರಂಭವಾಗಿದೆ. ಮೊದಲೇ ಕಳಕೊಂಡ ಬಲ ಪೂರ್ತಿ ಮರಳಿಲ್ಲ, ಊರುಗೋಲು ಇದೆ. ಜಾಗ ಅಡವಿಡಲಿಲ್ಲ.

ನಿಮ್ಮ ಮನೆಯಲ್ಲಿ ಅಥವಾ ವಾಳೆಯಲ್ಲಿ ಇಂಥ ರೋಗಿಗಳಿದ್ದರೆ ಫೈಲನ್ನು ತೆರೆದು ಮೂರು ಪ್ರಶ್ನೆ ಕೇಳಿ: ಕಾಯಿಲೆಯ ಹೆಸರು ಖಚಿತವಾಗಿದೆಯೇ? ಪ್ರತಿಕಾಯದ ಪರೀಕ್ಷೆ ಆಗಿದೆಯೇ? ಔಷಧ ನಿಲ್ಲದೆ ನಡೆಯುತ್ತಿದೆಯೇ? ಉತ್ತರ ಇಲ್ಲ ಎಂದಾದರೆ ಫೈಲಿನೊಂದಿಗೆ ನರರೋಗ ತಜ್ಞರಲ್ಲಿಗೆ ಹೋಗಿ. ಒಂಟಿಯಾಗಿ ಹೋಗಲು ಕಷ್ಟವಾದರೆ ನಿಮ್ಮ ಧರ್ಮಗುರುಗಳಿಗೆ ತಿಳಿಸಿ, ಜೊತೆಗೆ ಬರಲು ಯಾರಾದರೂ ಸಿಗುತ್ತಾರೆ.